ಏಳು ನೀರು

ಹುಮಾಟಕ್, ಗುವಾಮ್
೬ ಸೆಪ್ಟೆಂಬರ್ ೧೯೮೩

ಗ್ರಾಸಿಯಾ,

ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ನಿನ್ನ ಗಂಡ ಬೆರ್ನಾಬೆ ಹಿಡಿದ ಮೀನು ಎಷ್ಟು ಉದ್ದ ಎಂಬುದು ಅದರಲ್ಲಿತ್ತು, ಹಂದಿ ಎಷ್ಟು ಮರಿ ಹಾಕಿತು ಎಂಬುದೂ ಇತ್ತು. ಅಣ್ಣ ಹೇಗಿದ್ದಾನೆ ಎಂದು ಕೇಳುವ ಒಂದು ಸಾಲು ಇರಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಅಕ್ಕನಾಗಿ ಹುಟ್ಟಿದ ತಪ್ಪಿಗೆ.

ಗೊರಿಯೊಗೆ ಬಂದಿರುವುದು ಬೊಡಿಗ್ ಎಂದು ಈಗ ಡಾಕ್ಟರೂ ಒಪ್ಪಿದ್ದಾರೆ. ಅದನ್ನು ಹೇಳಲು ನಮ್ಮೂರಿಗೆ ಡಾಕ್ಟರು ಬೇಕೆ? ಕೈಕಾಲು ಸೊರಗಿ ನುಂಗುವುದೂ ನಿಂತರೆ ಲಿಟಿಕೊ, ಮೈ ಮರಗಟ್ಟಿ ಬುದ್ಧಿ ಮಂಕಾದರೆ ಬೊಡಿಗ್. ಇಲ್ಲಿನ ಮಕ್ಕಳೂ ನಡಿಗೆ ನೋಡಿ ಹೇಳುತ್ತವೆ. ನಮ್ಮ ಬೀದಿಯಲ್ಲೇ ಈಗ ಐದು ಮನೆಯ ಕಿಟಕಿಗಳಲ್ಲಿ ಐದು ಕುರ್ಚಿಗಳಿವೆ, ಕುಳಿತವರೆಲ್ಲ ಕಡಲು ನೋಡುತ್ತಾರೆ.

ಅವನ ಮುಖ ಅಲುಗುವುದಿಲ್ಲ. ನಗು ಬಂದರೂ ಒಳಗೇ ಬಂದು ಒಳಗೇ ಹೋಗುತ್ತದೆ. ಮೂಗಿನ ಮೇಲೆ ನೊಣ ಕೂತರೆ ಓಡಿಸುವುದಿಲ್ಲ. ಓಡಿಸಬೇಕೆಂದು ಅವನಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಹೊಸ್ತಿಲ ಹತ್ತಿರ ಬಂದವನು ಅಲ್ಲೇ ನಿಂತುಬಿಡುತ್ತಾನೆ, ತಳ್ಳಿದರೆ ಬೀಳುತ್ತಾನೆ. ಒಂದು ದಿನ ಸಿಟ್ಟು ಬಂದು ಕೈಯಲ್ಲಿದ್ದ ಪೊರಕೆಯನ್ನು ಅವನ ಕಾಲಿನ ಮುಂದೆ ಎಸೆದೆ. ಕಾಲೆತ್ತಿ ದಾಟಿಬಿಟ್ಟ. ಅಂದಿನಿಂದ ಮನೆ ತುಂಬ ಹೆಜ್ಜೆಗೊಂದು ತೆಂಗಿನ ಗರಿಯ ಕಡ್ಡಿ ಅಡ್ಡ ಇಟ್ಟಿದ್ದೇನೆ. ಬಯಲಾಗಿರುವ ನೆಲದಲ್ಲಿ ನಡೆಯಲಾರದವನು ಅಡ್ಡಿ ಇದ್ದರೆ ನಡೆಯುತ್ತಾನೆ. ಇದು ಯಾವ ನ್ಯಾಯವೋ ದೇವರೇ ಹೇಳಬೇಕು.

ಹೋದ ವಾರ ನಿನ್ನ ನೆನಪು ಮಾಡಿಕೊಂಡ. ಇದ್ದಕ್ಕಿದ್ದಂತೆ, "ಚಿಕ್ಕವಳು ಊಟ ಮಾಡಿದ್ಲಾ?" ಅಂದ. ಮಾಡಿದಳು ಎಂದೆ. ಚಿಕ್ಕವಳಿಗೆ ನಲವತ್ತೆಂಟು ವರ್ಷ ಎಂದು ಹೇಳಲಿಲ್ಲ.

ಅಮ್ಮನ ಮಣ್ಣಿಗೆ ಬಂದು ಹೋದ ಮೇಲೆ ನೀನು ಈ ಮನೆ ತುಳಿದಿಲ್ಲ. ಎಂಟು ವರ್ಷ. ನಿನ್ನ ರೋಟಾ ದ್ವೀಪ ಏನು ಚಂದ್ರಲೋಕವೇ? ಸಣ್ಣ ವಿಮಾನದಲ್ಲಿ ಅರ್ಧ ಗಂಟೆ. ಬಂದು ಎರಡು ತಿಂಗಳು ಇರು. ಅವನನ್ನು ಎತ್ತಿ ಕೂರಿಸಲು ನನಗೆ ಇನ್ನೊಂದು ಜೊತೆ ಕೈ ಬೇಕು. ನಾನು ಇಷ್ಟು ಬಾಯಿಬಿಟ್ಟು ಕೇಳುವವಳಲ್ಲ ಎಂದು ನಿನಗೆ ಗೊತ್ತು.

ಇನ್ನೊಂದು. ಅಮೆರಿಕದಿಂದ ಒಬ್ಬ ಡಾಕ್ಟರು ಬಂದು, ಕಾಯಿಲೆ ಇರುವ ಮನೆಮನೆಗೂ ಹೋಗಿ ಪ್ರಶ್ನೆ ಕೇಳುತ್ತಿದ್ದಾರೆ. ಫಡಾಂಗ್ ಹಿಟ್ಟು ತಿನ್ನುತ್ತಿದ್ದಿರಾ, ಕಾಯಿಯನ್ನು ಎಷ್ಟು ನೀರು ಬದಲಿಸಿ ನೆನೆಸುತ್ತಿದ್ದಿರಿ ಎಂದು. ನಗು ಬಂತು. ಬಿರುಗಾಳಿಗೆ ಬೆಳೆ ಹೋದರೆ ಕಾಡಿನ ಆ ವಿಷದ ಕಾಯಿಯೇ ಅಲ್ಲವೇ ನಮಗೆ ಗತಿ? ಏಳು ದಿನ, ಏಳು ನೀರು ಎಂದೆ. ಬರೆದುಕೊಂಡು ಹೋದರು.

ನಿನ್ನ ಅಕ್ಕ,
ತೊಮಾಸಾ

*

ಸೊಂಗ್‌ಸೊಂಗ್, ರೋಟಾ
೨ ಅಕ್ಟೋಬರ್ ೧೯೮೩

ಅಕ್ಕ,

ಹಿರಿಯರಿಗೆ ನಮಸ್ಕರಿಸುವ ನಮ್ಮ ಪದ್ಧತಿಯಂತೆ ಇಲ್ಲಿಂದಲೇ ನಿನ್ನ ಕೈ ಹಿಡಿದು ಮೂಗಿಗೆ ಒತ್ತಿಕೊಂಡಿದ್ದೇನೆ.

ಅಣ್ಣನ ವಿಷಯ ಓದಿ ಸಂಕಟವಾಯಿತು. ಬರಬೇಕೆಂದೇ ಇದೆ. ಆದರೆ ಮುಂದಿನ ವಾರ ನಮ್ಮೂರ ಸಂತನ ಹಬ್ಬ. ಇನ್ನೂರು ಜನರ ಅಡುಗೆಯಲ್ಲಿ ಕೆಂಪನ್ನ ನನ್ನ ಪಾಲಿಗೆ ಬಂದಿದೆ. ಅದು ಮುಗಿದರೆ ಗೆಣಸು ಕೀಳುವ ಕೆಲಸ. ಬೆರ್ನಾಬೆಯ ಮೊಣಕಾಲು ಬೇರೆ ಊದಿಕೊಂಡಿದೆ. ಅವರನ್ನು ಬಿಟ್ಟು ಬರುವ ಹಾಗಿಲ್ಲ. ಒಣಮೀನು ಕಳಿಸಿದ್ದೇನೆ, ಮುಳ್ಳು ತೆಗೆದು ಅಣ್ಣನಿಗೆ ಕೊಡು.

ಆ ಡಾಕ್ಟರು ಫಡಾಂಗ್ ವಿಷಯ ಯಾಕೆ ಕೇಳಿದರು? ಅದರಿಂದಲೇ ಬರುತ್ತದೆ ಎನ್ನುತ್ತಾರೆಯೇ? ಚೆನ್ನಾಗಿ ತೊಳೆದಿದ್ದರೆ ಬರುವುದಿಲ್ಲವಂತೆಯೇ? ತಿಂದು ನಲವತ್ತು ವರ್ಷವಾದ ಮೇಲೂ ಬರಬಹುದೇ? ನೀನು ಏಳು ನೀರು ಎಂದಾಗ ಮತ್ತೆ ಏನಾದರೂ ಕೇಳಿದರೇ?

ನಿನ್ನ ತಂಗಿ,
ಎಂಗ್ರಾಸಿಯಾ

*

ಹುಮಾಟಕ್
೫ ನವೆಂಬರ್ ೧೯೮೩

ಗ್ರಾಸಿಯಾ,

ಕುಣಿಯಲಾರದವಳಿಗೆ ನೆಲ ಡೊಂಕು. ಹಬ್ಬ, ಗೆಣಸು, ಗಂಡನ ಮೊಣಕಾಲು. ಬೆರ್ನಾಬೆಯ ಮೊಣಕಾಲಿಗೆ ಇನ್ನೊಂದು ಹೆಂಡತಿ ಬೇಕಿದ್ದರೆ ಹೇಳು, ಈ ಬೀದಿಯಲ್ಲಿ ವಿಧವೆಯರಿಗೆ ಬರವಿಲ್ಲ.

ಅಣ್ಣನ ಬಗ್ಗೆ ನಾನು ಎರಡು ಪುಟ ಬರೆದರೆ ನೀನು ಹಿಟ್ಟಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದ್ದೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನಗೇಕಮ್ಮ ಅದರ ಉಸಾಬರಿ? ಡಾಕ್ಟರು ಮತ್ತೆ ಬಂದಿದ್ದರು. ಕಾಯಿಯ ವಿಷ ಪೂರ್ತಿ ಹೋಯಿತೆಂದು ನಿಮಗೆ ಹೇಗೆ ತಿಳಿಯುತ್ತಿತ್ತು ಎಂದರು. ಕೊನೆಯ ನೀರನ್ನು ಒಂದು ಕೋಳಿಗೆ ಕುಡಿಸುತ್ತಿದ್ದೆವು, ಸಂಜೆಯವರೆಗೆ ಕೋಳಿ ಓಡಾಡಿಕೊಂಡಿದ್ದರೆ ಕಾಯಿ ಒಣಗಿಸಿ ಬೀಸುತ್ತಿದ್ದೆವು ಎಂದೆ. ಅವರಿಗೆ ಬಹಳ ಹಿಡಿಸಿತು. ಯುದ್ಧದ ವರ್ಷವೂ ಹಾಗೇ ಮಾಡಿದಿರಾ ಎಂದರು. ಜಪಾನಿ ಸೈನಿಕರು ಊರಿನ ಕೋಳಿಯನ್ನೆಲ್ಲ ತಿಂದು ತೇಗಿದ ಮೇಲೆ ಕೋಳಿ ಎಲ್ಲಿಂದ ತರುವುದು? ಆ ವರ್ಷ ಕೋಳಿ ಇರಲಿಲ್ಲ, ನೀರು ಮಾತ್ರ ಏಳೇ ಎಂದೆ. ಈ ಹಿಟ್ಟಿನಿಂದಲೇ ಕಾಯಿಲೆ ಬಂತೇ ಎಂದು ನಾನೂ ಕೇಳಿದೆ. ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು.

ಸತ್ತವರ ಹಬ್ಬಕ್ಕೆ ಅಮ್ಮನ ಸಮಾಧಿಗೆ ಸುಣ್ಣ ಬಳಿಸಿದೆ. ಗೊರಿಯೊನನ್ನೂ ಕರೆದುಕೊಂಡು ಹೋಗಿದ್ದೆ. ಇಗರ್ಜಿಯ ಬಾಗಿಲಲ್ಲಿ ಕಾಲು ನೆಟ್ಟು ನಿಂತ. ಹಿಂದೆ ಇಡೀ ಊರು ಮೇಣದಬತ್ತಿ ಹಿಡಿದು ಕಾಯುತ್ತಿದೆ. ಯಾರೂ ಅವಸರ ಮಾಡಲಿಲ್ಲ. ಇಲ್ಲಿ ಎಲ್ಲರ ಮನೆಯಲ್ಲೂ ಒಬ್ಬರು ಹೀಗೆ ನಿಂತವರೇ. ಕೊನೆಗೆ ಪಾದ್ರಿಯೇ ಬಂದು ತಮ್ಮ ಕೋಲನ್ನು ಅವನ ಕಾಲಿನ ಮುಂದೆ ಮಲಗಿಸಿದರು.

ಅವನು ಕೆಲವೊಮ್ಮೆ ಮೂಲೆ ನೋಡುತ್ತಾನೆ. ಅಲ್ಲಿ ಯಾರಿದ್ದಾರೆ ಎಂದರೆ, ಮೊದಲಿನವರು ಅನ್ನುತ್ತಾನೆ. ಚಿಕ್ಕಂದಿನಲ್ಲಿ ಆಲದ ಮರದ ಕೆಳಗೆ ಹೋಗುವಾಗ ಪೂರ್ವಿಕರ ಆತ್ಮಗಳ ಅಪ್ಪಣೆ ಕೇಳುತ್ತಿದ್ದೆವಲ್ಲ, ಅವರೇ. ಮನೆಯೊಳಗೆ ಬರಲು ಅವರು ನನ್ನ ಅಪ್ಪಣೆ ಕೇಳಲಿಲ್ಲ.

ಯಾವಾಗ ಬರುತ್ತೀಯ? ದಿನ ಹೇಳು.

ತೊಮಾಸಾ

*

ಸೊಂಗ್‌ಸೊಂಗ್
೨೦ ಡಿಸೆಂಬರ್ ೧೯೮೩

ಅಕ್ಕ,

ನಿನ್ನ ಪತ್ರಗಳನ್ನೆಲ್ಲ ಇವತ್ತು ಒಟ್ಟಿಗೆ ಹರಡಿಕೊಂಡು ಕೂತೆ. ಒಂದು ಮಾತು ಕೇಳುತ್ತೇನೆ, ಬೈಯಬೇಡ.

ಹೋದ ವರ್ಷದ ಪತ್ರಗಳನ್ನು ಕನ್ನಡಕ ಇಲ್ಲದೆ ಓದಬಹುದು. ಸೆಪ್ಟೆಂಬರಿನದರಲ್ಲಿ ಮೊದಲ ಸಾಲು ದೊಡ್ಡದಾಗಿದೆ, ಪುಟದ ಕೆಳಗೆ ಬರುತ್ತ ಚಿಕ್ಕದಾಗಿದೆ. ನವೆಂಬರಿನದರ ಕೊನೆಯ ಸಾಲುಗಳು ಇರುವೆ ಹರಿದ ಹಾಗಿವೆ. ಬೆರ್ನಾಬೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ನಿಮ್ಮಕ್ಕ ಕಾಗದ ಉಳಿಸ್ತಾ ಇದಾಳಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಾಯಿಲೆ ಹಿಡಿಯುವ ಮುಂಚಿನ ವರ್ಷ ಅಣ್ಣ ಕಳಿಸಿದ ಕ್ರಿಸ್ಮಸ್ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಅವನ ಸಹಿಯೂ ಹೀಗೇ ಇದೆ.

ಅಕ್ಕ, ನಿಜ ಹೇಳು.

ಎಂಗ್ರಾಸಿಯಾ

*

ಹುಮಾಟಕ್
೧೫ ಜನವರಿ ೧೯೮೪

ಗ್ರಾಸಿಯಾ,

ಹೌದು.

ನಿನ್ನ ಕಣ್ಣು ಚುರುಕು, ಕಾಲು ಮಾತ್ರ ಮಂದ. ಬರೆಯಲು ಕೂತಾಗ ಅಕ್ಷರ ದೊಡ್ಡದಾಗಿ ಬರಲಿ ಎಂದು ಹೇಳಿಕೊಂಡೇ ಶುರು ಮಾಡುತ್ತೇನೆ. ನಾಲ್ಕನೆಯ ಸಾಲಿಗೆ ಕೈ ನನ್ನ ಮಾತು ಕೇಳುವುದನ್ನು ಬಿಡುತ್ತದೆ. ಮೊದಲು ಗೊತ್ತಾದದ್ದು ಜಪಮಾಲೆಯಿಂದ. ಮಣಿ ಮುಂದೆ ಹೋಗುವುದಿಲ್ಲ, ಹೆಬ್ಬೆರಳು ಒಂದೇ ಮಣಿಯನ್ನು ಉಜ್ಜುತ್ತ ಕೂತಿರುತ್ತದೆ. ಪಕ್ಕದ ಹೆಂಗಸರು ಇವಳಿಗೆ ಭಕ್ತಿ ಹೆಚ್ಚಾಯಿತು ಅಂದುಕೊಂಡಿದ್ದಾರೆ.

ಹೆದರಿಕೆ ಇಲ್ಲ ಎಂದರೆ ಸುಳ್ಳು. ಎದುರಿಗೇ ಕೂತಿದ್ದಾನಲ್ಲ, ಅವನನ್ನು ನೋಡಿದರೆ ನಾಳೆ ಏನು ಎಂದು ಯಾರನ್ನೂ ಕೇಳಬೇಕಾಗಿಲ್ಲ. ನನ್ನದು ಹೇಗೋ ಆಗಲಿ. ಅವನಿಗೆ ತುತ್ತು ಇಡುವವರು ಯಾರು? ಮೊನ್ನೆ ಚಮಚ ಅವನ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ನನ್ನ ಕೈ ಮುಂದೆ ಹೋಗಲಿಲ್ಲ, ಅವನ ಬಾಯಿ ತೆರೆಯಲಿಲ್ಲ. ಇಬ್ಬರೂ ಹಾಗೇ ಕೂತಿದ್ದೆವು, ಅನ್ನ ಆರಿತು.

ನಮ್ಮ ಮನೆಯಲ್ಲಿ ಕಾಯಿಲೆಯವರನ್ನು ಯಾವತ್ತೂ ಹೊರಗೆ ಕಳಿಸಿಲ್ಲ. ಆಸ್ಪತ್ರೆಯವರು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಿದ್ದಾರೆ. ಹೋದರೆ ಅವನು ಗೋಡೆ ನೋಡಿಕೊಂಡು ಸಾಯುತ್ತಾನೆ. ನೀನು ಬಂದರೆ ಅವನು ಈ ಕಿಟಕಿಯಲ್ಲೇ ಇರುತ್ತಾನೆ. ಬರದಿದ್ದರೆ ಈಸ್ಟರಿನ ಹೊತ್ತಿಗೆ ನಾನೇ ಆಸ್ಪತ್ರೆಯ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅವನನ್ನು ಕಳಿಸಿಬಿಡುತ್ತೇನೆ. ಇದರಲ್ಲಿ ತಮಾಷೆ ಒಂದು ಸಾಲೂ ಇಲ್ಲ.

ತೊಮಾಸಾ

*

ಸೊಂಗ್‌ಸೊಂಗ್
೧೧ ಫೆಬ್ರವರಿ ೧೯೮೪

ಅಕ್ಕ,

ನಾನು ಯಾಕೆ ಬರುವುದಿಲ್ಲ ಎಂದು ಇವತ್ತು ಬರೆಯುತ್ತೇನೆ. ಓದಿದ ಮೇಲೆ ಬರಬೇಡ ಎಂದು ನೀನೇ ಹೇಳಬಹುದು.

ಕುಂಬಳಕಾಯಿಯ ಗಾದೆಯನ್ನು ನೀನು ತಮಾಷೆಗೆ ಬರೆದೆ. ನಾನು ನಿಜಕ್ಕೂ ಹೆಗಲು ಮುಟ್ಟಿಕೊಂಡೆ.

ನಲವತ್ತನಾಲ್ಕರ ಮಳೆಗಾಲ. ಅಪ್ಪನನ್ನು ಜಪಾನಿಗಳು ವಿಮಾನದ ಬಯಲು ಕಟ್ಟಲು ಹಿಡಿದುಕೊಂಡು ಹೋಗಿದ್ದರು. ನಿನ್ನನ್ನು ಭತ್ತದ ಗದ್ದೆಗೆ ಹಚ್ಚಿದ್ದರು. ಅಮ್ಮ ಜ್ವರದಿಂದ ತೋಟದ ಗುಡಿಸಲಲ್ಲಿ ಮಲಗಿದ್ದಳು. ಗೊರಿಯೊ ಕಾಡಿನಿಂದ ಫಡಾಂಗ್ ಕಾಯಿ ತಂದು ಸೀಳಿ ಹಂಡೆಗೆ ಹಾಕಿ ಕೊಟ್ಟ. ದಿನಕ್ಕೊಂದು ಸಲ ನೀರು ಚೆಲ್ಲಿ ಹೊಳೆಯಿಂದ ಹೊಸ ನೀರು ತಂದು ತುಂಬುವ ಕೆಲಸ ನನ್ನದು. ನನಗೆ ಒಂಬತ್ತು ವರ್ಷ.

ಹೊಳೆಗೆ ಆಲದ ಮರದ ಕೆಳಗೇ ಹೋಗಬೇಕು. ಆ ವಾರ ಸೈನಿಕರು ಊರವನೊಬ್ಬನನ್ನು ಹೊಡೆದು ಆ ಮರದ ಕೆಳಗೆ ಹಾಕಿದ್ದರು ಎಂದು ಕೇಳಿದ್ದೆ. ಮೊದಲಿನವರು, ಸೈನಿಕರು, ಸತ್ತವನು, ಎಲ್ಲರೂ ಅಲ್ಲಿ ನನ್ನನ್ನೇ ಕಾಯುತ್ತಿದ್ದಾರೆ ಅನ್ನಿಸಿತು. ಹೋಗಲಿಲ್ಲ. ಒಂದು ದಿನವೂ ಹೋಗಲಿಲ್ಲ. ಹಂಡೆಯ ಹಳೆಯ ನೀರಿನಲ್ಲೇ ಲಂಗದ ಅಂಚು ಒದ್ದೆ ಮಾಡಿಕೊಂಡು ಬಂದು, ಬದಲಿಸಿದೆ ಎಂದು ಅಮ್ಮನಿಗೆ ಹೇಳುತ್ತಿದ್ದೆ. ಏಳು ದಿನವೂ ಹೇಳಿದೆ. ನೀನು ಆ ವಾರ ಗದ್ದೆಯಿಂದ ಯಾವಾಗ ಬಂದೆ, ಯಾವಾಗ ಹೋದೆ ಒಂದೂ ನನಗೆ ನೆನಪಿಲ್ಲ. ಆ ನೀರಿನ ವಾಸನೆ ಮಾತ್ರ ನೆನಪಿದೆ.

ಕಾಯಿ ಒಣಗಿ ಹಿಟ್ಟಾಗಿ ರೊಟ್ಟಿಯಾದ ದಿನ ನೀವೆಲ್ಲ ತಿಂದಿರಿ. ನಾನು ತಿನ್ನಲಿಲ್ಲ, ಅಕ್ಕ. ಹೊಟ್ಟೆನೋವು ಎಂದು ಹೇಳಿ ನನ್ನ ರೊಟ್ಟಿಯನ್ನು ಅಣ್ಣನ ತಟ್ಟೆಗೆ ಹಾಕಿದೆ. ಅವನು ನನ್ನ ತಲೆ ಸವರಿ ತಿಂದ. ಸಂಜೆ ನಿಮಗೆಲ್ಲ ವಾಂತಿಯಾಯಿತು. ಹಸಿದ ಹೊಟ್ಟೆಗೆ ಹಾಗಾಗುತ್ತದೆ ಎಂದಳು ಅಮ್ಮ.

ಹುಮಾಟಕ್‌ನಲ್ಲಿ ಯಾರದ್ದಾದರೂ ಕೈ ನಡುಗಿತು ಎಂದರೆ ನಾನು ಆ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಅದಕ್ಕೇ ಕಡಲಾಚೆಯ ಗಂಡನ್ನು ಒಪ್ಪಿಕೊಂಡೆ. ಇಲ್ಲಿ ರಾತ್ರಿ ನಿಂತ ನೀರನ್ನು ಬೆಳಗ್ಗೆ ಚೆಲ್ಲದೆ ಯಾರಿಗೂ ಕುಡಿಸುವುದಿಲ್ಲ. ಬೆರ್ನಾಬೆ ರೇಗಿಸುತ್ತಾರೆ. ಕಾರಣ ಅವರಿಗೆ ಹೇಳಿಲ್ಲ. ಅಣ್ಣ ಚಿಕ್ಕವಳು ಊಟ ಮಾಡಿದಳೇ ಎಂದು ಕೇಳಿದ ಎಂದು ಬರೆದೆಯಲ್ಲ, ಆ ಸಾಲು ಓದಿದ ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಅವನ ಬಾಯಿಗೆ ಮತ್ತೆ ನನ್ನ ಕೈಯಿಂದ ತುತ್ತು ಇಡು ಎನ್ನುತ್ತೀಯಲ್ಲ. ಹೇಗೆ ಇಡಲಿ?

ಎಂಗ್ರಾಸಿಯಾ

*

ಹುಮಾಟಕ್
೩ ಮಾರ್ಚ್ ೧೯೮೪

ಗ್ರಾಸಿಯಾ,

ಚಿಕ್ಕದಾಗಿ ಬರೆಯುತ್ತೇನೆ, ಹೇಗೂ ಚಿಕ್ಕದಾಗಿಯೇ ಬರುತ್ತದೆ.

ನೀನು ಹೊಳೆಗೆ ಹೋಗುತ್ತಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗದ್ದೆಯಿಂದ ಬರುವಾಗ ದಿನವೂ ನಾನೇ ನೀರು ಚೆಲ್ಲಿ ಹೊಸ ನೀರು ತುಂಬಿದೆ. ಏಳು ದಿನ, ಏಳು ನೀರು. ಅಮ್ಮ ನಿನ್ನನ್ನು ಹೊಡೆಯಬಾರದೆಂದು ಹೇಳಲಿಲ್ಲ. ಆಮೇಲೆ ಮರೆತೆ. ನೀನು ಇದನ್ನು ನಲವತ್ತು ವರ್ಷ ಹೊತ್ತುಕೊಂಡು ತಿರುಗುತ್ತೀಯ ಎಂದು ನನಗೇನು ಗೊತ್ತು, ಪೆದ್ದಿ.

ವಾಂತಿ ಹಸಿವಿನಿಂದ. ಕಾಯಿಲೆ ಎಲ್ಲಿಂದ ಬಂತೋ ದೇವರಿಗೆ ಗೊತ್ತು, ಹಂಡೆಯಿಂದಲ್ಲ.

ಈಗ ಬಾ.

ತೊಮಾಸಾ

*

ಹುಮಾಟಕ್
೨೨ ಜೂನ್ ೧೯೮೪

ಅಕ್ಕ,

ನೀನು ಪರೀಕ್ಷೆಗೆಂದು ಪಟ್ಟಣದ ಆಸ್ಪತ್ರೆ ಸೇರಿ ಹತ್ತು ದಿನವಾಯಿತು. ಮೂರು ತಿಂಗಳು ಒಂದೇ ಮನೆಯಲ್ಲಿ ಇದ್ದವರಿಗೆ ಮತ್ತೆ ಪತ್ರ ಬರೆಯುವ ಯೋಗ. ನರ್ಸಮ್ಮನಿಗೆ ಇದನ್ನು ಓದಲು ಹೇಳಬೇಡ. ನಿನಗೆ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೀನೇ ಓದು.

ಗೊರಿಯೊ ಚೆನ್ನಾಗಿದ್ದಾನೆ ಎಂದರೆ ನೀನು ನಂಬುವುದಿಲ್ಲ. ಇದ್ದ ಹಾಗೆ ಇದ್ದಾನೆ. ಗಂಜಿ ಒಂದೂವರೆ ಬಟ್ಟಲು ಹೋಗುತ್ತದೆ. ಮೊದಲ ವಾರ ನಾನು ಚಮಚ ಎತ್ತಿದಾಗ ನನ್ನ ಕೈಯೇ ನಡುಗುತ್ತಿತ್ತು. ಪಕ್ಕದ ಮನೆಯವಳು ಅದನ್ನು ನೋಡಿ, ನಿನಗೂ ಬಂತೇನೇ ಎಂದಳು. ಹೆದರಿಕೆಗೆ ಎಂದೆ. ಈಗ ನಡುಗುವುದಿಲ್ಲ.

ನಿನ್ನೆ ಬೆಳಗ್ಗೆ ಅವನಿಗೆ ಕ್ಷೌರ ಮಾಡುತ್ತಿದ್ದೆ. ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತಿತ್ತು. ಬಟ್ಟಲಿನ ನೀರಿನಲ್ಲಿ ನೊರೆ ತುಂಬಿತ್ತು. ಹೊಸ ನೀರು ತರುತ್ತೇನೆ, ಕೂತಿರು ಎಂದು ಎದ್ದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಆರು ತಿಂಗಳಿಂದ ಅವನ ಕೈ ತಾನಾಗಿ ಯಾವುದನ್ನೂ ಹಿಡಿದಿಲ್ಲ ಎಂದು ನೀನೇ ಹೇಳಿದ್ದೆ. ನನ್ನ ಮುಖವನ್ನೇ ನೋಡಿದ. ಈ ವಯಸ್ಸಿಗೆ ನಾನು ಅಮ್ಮನ ಹಾಗೇ ಕಾಣುತ್ತೇನೆ ಎಂದು ಎಲ್ಲರೂ ಹೇಳುತ್ತಾರೆ. ಅಮ್ಮ ಎಂದೇ ಅಂದುಕೊಂಡ. ಮಾತು ಒಂದೊಂದಾಗಿ ಬಂತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಾಯಬೇಕಾಗಿತ್ತು. ಆದರೆ ತಪ್ಪಿಲ್ಲದೆ ಬಂತು.

"ಅಮ್ಮ, ಚಿಕ್ಕವಳಿಗೆ ಹೊಡೀಬೇಡ. ನೀರು ಬದಲಿಸೋ ಕೆಲ್ಸ ನಂದು. ನಾನೇ ಹೋಗ್ಲಿಲ್ಲ."

ಬಟ್ಟಲು ಕೆಳಗಿಟ್ಟೆ. ತೊಮಾಸಾ ಬದಲಿಸಿದಳಲ್ಲಪ್ಪ ಎಂದೆ.

"ತೊಮಾಸಾನ್ನ ಕೇಳ್ಬೇಡ. ಅವ್ಳನ್ನ ವಾರಪೂರ್ತಿ ಗದ್ದೆ ಕೊಟ್ಟಿಗೇಲೇ ಕೂಡಿಹಾಕಿದ್ರು. ನಾನೇ ಗೆಣಸು ಒಯ್ದು ಕೊಡ್ತಿದ್ದೆ. ಅವ್ಳಿಗೇನು ಗೊತ್ತು."

ಆಮೇಲೆ ಕೈ ಬಿಟ್ಟ. ಮುಖ ಮೊದಲಿನ ಹಾಗೆ ಮುಚ್ಚಿಕೊಂಡಿತು. ಅರ್ಧ ಕೆನ್ನೆ ಕ್ಷೌರವಾಗಿತ್ತು, ಅರ್ಧ ಆಗಿರಲಿಲ್ಲ. ನಾನು ನೆಲದ ಮೇಲೆ ಕೂತು ಅತ್ತೆ. ಅಮ್ಮನ ಮಣ್ಣಿನ ದಿನವೂ ಅಷ್ಟು ಅತ್ತಿರಲಿಲ್ಲ. ಕಾಯಿಲೆ ಅವನ ಹೆಸರನ್ನೂ ಅವನಿಂದ ತೆಗೆದುಕೊಂಡಿದೆ. ನನಗೆ ಏಟು ಬೀಳಬಾರದು ಎಂಬುದೊಂದನ್ನು ಎಲ್ಲಿಟ್ಟುಕೊಂಡಿದ್ದನೋ.

ಅವನು ಎಲ್ಲ ನೋಡಿದ್ದ, ಅಕ್ಕ. ಲಂಗದ ಅಂಚನ್ನು ಹಂಡೆಯಲ್ಲಿ ಅದ್ದುವುದನ್ನೂ ನೋಡಿದ್ದನೇನೋ. ನೋಡಿದ್ದರೆ, ನನ್ನ ರೊಟ್ಟಿ ಎಂಥದೆಂದು ತಿಳಿದೇ ತಿಂದನೇ? ಅಥವಾ ಹದಿಮೂರು ವರ್ಷದ ಹುಡುಗನ ಹಸಿವೇ? ಇದನ್ನು ಅವನನ್ನು ಕೇಳಲು ಬರುವುದಿಲ್ಲ. ಕೇಳಿದರೂ ಉತ್ತರ ಬರುವುದಿಲ್ಲ. ನಾನು ಸಾಯುವವರೆಗೆ ಇದು ನನ್ನ ಜೊತೆ ಇರುತ್ತದೆ.

ನೀನು ಸುಳ್ಳು ಬರೆದೆ. ಮಾತು ಕೇಳದ ಆ ಕೈಯಲ್ಲಿ, ಅಷ್ಟು ಚಿಕ್ಕ ಅಕ್ಷರದಲ್ಲಿ ಬರೆಯಲು ಎಷ್ಟು ಹೊತ್ತು ಹಿಡಿಯಿತೋ. ನಾನು ಆ ಪತ್ರವನ್ನು ರವಿಕೆಯಲ್ಲಿಟ್ಟುಕೊಂಡು ವಿಮಾನ ಹತ್ತಿದೆ. ನಲವತ್ತು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಿತ್ತು.

ಸಿಟ್ಟಿಲ್ಲ. ಬರುವುದಕ್ಕೆ ನನಗೆ ನಿನ್ನ ಸುಳ್ಳು ಬೇಕಾಯಿತು. ಇರುವುದಕ್ಕೆ ಬೇಡ.

ನಾನು ಬದಲಿಸದ ನೀರು ಅದು. ಅದರಿಂದಲೇ ಆಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ನಾನೂ ಇನ್ನು ಕೇಳುವುದಿಲ್ಲ. ಬೆರ್ನಾಬೆಗೆ ಎಲ್ಲ ಬರೆದು ತಿಳಿಸಿದ್ದೇನೆ, ಮೊಣಕಾಲು ಸರಿಯಿದ್ದರೆ ನೀವೇ ಇಲ್ಲಿಗೆ ಬನ್ನಿ ಎಂದಿದ್ದೇನೆ. ಆಸ್ಪತ್ರೆಯವರು ನಿನ್ನನ್ನು ಅಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡ, ಹೆಬ್ಬೆಟ್ಟು ಒತ್ತಬೇಡ. ಗೊರಿಯೊನ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಸರಿಸಿ, ಕಿಟಕಿಯ ಹತ್ತಿರ ಇನ್ನೊಂದನ್ನು ಹಾಕಿದ್ದೇನೆ.

ನಿನ್ನ ತಂಗಿ,
ಎಂಗ್ರಾಸಿಯಾ